ಕೊಸರಿನ ಪ್ರಶ್ನೆ

ದೊಡ್ಡಬಳ್ಳಾಪುರ

ಪ್ರೀತಿಯ ಅಕ್ಕಾ,

ಪರೀಕ್ಷೆ ಏನಾಯಿತು ಎಂದು ಕೇಳಿದ್ದೆಯಲ್ಲ. ಕನ್ನಡ ಎಂ.ಎ. ಓದಿದವಳು ನಲವತ್ತೆಂಟರಲ್ಲಿ ಎಂಬಿಎ ಸೇರಿ, ಮಾರ್ಕೆಟಿಂಗ್‌ನಲ್ಲಿ ಮೂರು ಅಂಕಕ್ಕೆ ಫೇಲಾದೆ ಕಣಕ್ಕಾ. ನಷ್ಟದಲ್ಲಿರುವ ತರಕಾರಿ ಅಂಗಡಿಯಲ್ಲಿ ಮೊದಲು ಏನನ್ನು ನಿಲ್ಲಿಸುತ್ತೀರಿ ಎಂದು ಕೇಳಿದ್ದರು. ಎಲ್ಲರೂ ಕೊಸರು ಎಂದು ಬರೆದರು. ನನಗೆ ನಮ್ಮೂರು ಮಧುರೆಯ ನಿನ್ನ ಅಂಗಡಿಯಲ್ಲಿ ತೂಕ ಮುಗಿದ ಮೇಲೂ ಒಂದು ಹಿಡಿ ಅವರೆಕಾಯಿ ಹಾಕುವ ನಿನ್ನ ಕೈಯೇ ಕಂಡು, ಬರೆಯಲಾಗಲಿಲ್ಲ.

"ಮೇಡಂ, ಮುಂದಿನ ಸಲ ಅಕ್ಕನನ್ನು ಊರಲ್ಲೇ ಬಿಟ್ಟು ಬನ್ನಿ" ಎಂದು, ನಾನು ಇದನ್ನು ಹೇಳಿದಾಗ ಮೇಷ್ಟ್ರು ನಕ್ಕರು.

ಇಪ್ಪತ್ತೊಂದಕ್ಕೆ ಮರುಪರೀಕ್ಷೆ. ಪಾಸಾದರೆ ನೇಕಾರ ಮಹಿಳೆಯರ ಸಂಘದಲ್ಲಿ ಸೀರೆ ಮಾರಾಟದ ಕೆಲಸ ನನಗೇ. ಈ ಸಲ ಅಂಥ ಪ್ರಶ್ನೆ ಬಂದರೆ ಕೊಸರು ನಿಲ್ಲಿಸಬೇಕೆಂದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಲ್ಲಿಯವರೆಗೆ ಫೋನ್ ಮಾತ್ರ ಮಾಡಬೇಡ. ನಿನ್ನ ದನಿ ಕೇಳಿದರೆ ಮತ್ತೆ ಫೇಲಾಗುತ್ತೇನೆ.

ನಿನ್ನ ತಂಗಿ,
ವನಜಾಕ್ಷಿ