ಬಲಗಾಲಿನ ಗೇರು

ಭಾನುವಾರ, ಊಟವಾದ ಮೇಲೆ

ನನ್ನ ಮೊಂಡು ಮಗಳಿಗೆ, ಅವಳಿಗಿಂತ ಒಂದು ಕೈ ಹೆಚ್ಚೇ ಮೊಂಡಾದ ಅಮ್ಮನ ಪ್ರೀತಿಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಏನು ಬರೆದಿದ್ದೀಯೋ ಎಂದು ಒಡೆದು ನೋಡಿದರೆ ಪುಟದ ತುಂಬ ಮೋಟಾರ್ ಸೈಕಲ್‌ಗಳು! ಉಂಡೆಯಾ, ನಿದ್ದೆ ಮಾಡಿದೆಯಾ ಎಂಬುದಕ್ಕೆ ಅರ್ಧ ಸಾಲೂ ಇಲ್ಲ. ನಿಮ್ಮ ರಕ್ತನಿಧಿಯ ಸವಾರರೆಲ್ಲ ಕ್ಯಾಂಟೀನಿನಲ್ಲಿ ಕೂತು ಲೋಕದ ಅತಿ ಶ್ರೇಷ್ಠ ಗಾಡಿ ಯಾವುದೆಂದು ವಾದ ಹೂಡಿದ್ದೀರಂತೆ. ಶನಿವಾರ ತೀರ್ಮಾನವಂತೆ, ಸೋತವರು ಎಲ್ಲರಿಗೂ ಚಹಾ ಕೊಡಿಸಬೇಕಂತೆ. ಲೈಸೆನ್ಸ್ ಪರೀಕ್ಷೆ ಮಾಡುವವಳು ನೀನು, ಸಾವಿರಾರು ಗಾಡಿ ನೋಡಿದ್ದೀಯ, ಒಂದು ಹೆಸರು ಹೇಳು ಎಂದು ನನ್ನನ್ನು ಕೇಳಿದ್ದೀಯ. ಕೇಳಿದ್ದು ಅಮ್ಮನನ್ನಲ್ಲ, ಇನ್‌ಸ್ಪೆಕ್ಟರನ್ನು. ಇರಲಿ, ಕೇಳಿದೆಯಲ್ಲ. ಕಾಗದವನ್ನು ಬಾಗಿಲಲ್ಲಿ ನಿಂತೇ ಎರಡು ಸಲ ಓದಿದೆ.

ನಿನ್ನ ಪ್ರಶ್ನೆಯನ್ನು ಕಚೇರಿಗೆ ಒಯ್ದೆ, ಕೆಟ್ಟೆ. ಜೋಡಿ ಸಿಲಿಂಡರಿನದೊಂದೇ ಗಾಡಿ, ಉಳಿದದ್ದೆಲ್ಲ ಹೊಲಿಗೆ ಯಂತ್ರ ಅಂದರು ಹೆಡ್ ಕ್ಲಾರ್ಕು. ಮದುವೆಗೆ ಮುಂಚೆ ಅಂಥದ್ದೊಂದು ಇತ್ತಂತೆ, ಅದರ ಸದ್ದು ಕೇಳಿಯೇ ಹೆಂಡತಿ ಒಪ್ಪಿದ್ದಂತೆ. ಡ್ರೈವಿಂಗ್ ಶಾಲೆಯ ಮೇಷ್ಟ್ರು ಬಿಡುತ್ತಾರೆಯೇ? ತುಂಬಿದ ಕೊಡ ತುಳುಕೋದಿಲ್ಲ ಸ್ವಾಮಿ, ಸದ್ದು ಬಿಡಿ, ರೇಸಿನಲ್ಲಿ ಗೆದ್ದದ್ದು ಯಾವುದು ಹೇಳಿ ಅಂತ ಮೇಜು ಕುಟ್ಟಿದರು. ಮೊಮ್ಮಗಳ ಜೊತೆ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು, ಮನೆಮನೆಗೆ ಹಾಲು ಹೊತ್ತು ನನ್ನ ನಾಲ್ಕು ಮಕ್ಕಳನ್ನು ಸಾಕಿದ ಪುಟಾಣಿ ಗಾಡಿಗಿಂತ ದೊಡ್ಡದು ಯಾವುದಪ್ಪಾ ಅಂತ ಕೇಳಿದರು. ಇಬ್ಬರು ಗಂಡಸರೂ ಎದ್ದು ಅವರಿಗೆ ಕುರ್ಚಿ ಎಳೆದು ಕೊಟ್ಟರು. ಈ ಮೂರು ಮಾತನ್ನೂ ನೆನಪಿಟ್ಟುಕೋ, ಶನಿವಾರ ಕೆಲಸಕ್ಕೆ ಬರುತ್ತವೆ. ಆದರೆ ನನ್ನ ಮತ ಕ್ಷೌರದಂಗಡಿ ಮಾಮನ ಗಾಡಿಗೆ.

ನಗಬೇಡ. ನಿನಗೆ ಗೊತ್ತಿರುವುದೇ, ಆದರೂ ನಿನ್ನ ಕ್ಯಾಂಟೀನಿನವರಿಗೆ ವಿವರಿಸಬೇಕಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸೀಟು ಹರಿದ, ಹಸಿರು ಬಣ್ಣ ಅರ್ಧ ತುಕ್ಕಾದ ಡಕೋಟಾ ಗಾಡಿ. ಈಗಿನವಕ್ಕೆ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಅದು ಹಳೇ ಕಾಲದ್ದು, ಎಲ್ಲ ತಿರುಗುಮುರುಗು. ಪರೀಕ್ಷಾ ಮೈದಾನದ ಗೇಟಿನೆದುರೇ ಮಾಮನ ಅಂಗಡಿ. ಗಾಡಿಯಿಲ್ಲದೆ ಬಂದವರ ಕೈಗೆ ಕೀಲಿ ಕೊಡುತ್ತಾರೆ, ಬಿಡುವಿನ ದಿನ ಕಲಿಸಿಯೂ ಕೊಡುತ್ತಾರೆ. ಫೇಲಾದವರಿಗೆ ಪುಕ್ಕಟೆ ಕ್ಷೌರ. ತಲೆ ಹಗುರಾದರೆ ದುಃಖವೂ ಹಗುರಾಗುತ್ತದೆಂಬುದು ಅವರ ಸಿದ್ಧಾಂತ. ದಾದಿ, ಅಂಚೆಯವನು, ಇಟ್ಟಿಗೆ ಗೂಡಿನ ಅಕ್ಕತಂಗಿಯರು, ಹೀಗೆ ಅರ್ಧ ಊರು ಸವಾರಿ ಕಲಿತದ್ದು ಅದರ ಮೇಲೆ. ಹೊಸ ಗಾಡಿ ಕೊಂಡ ನಮ್ಮೂರಿನವರನ್ನು ಮೊದಲ ವಾರ ದೂರದಿಂದಲೇ ಗುರುತಿಸಬಹುದು. ನಿಲ್ಲಿಸಲು ಹೋಗಿ ಗೇರು ಒದೆಯುತ್ತಾರೆ, ಗೇರು ಹಾಕಲು ಹೋಗಿ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತಾರೆ.

ನೀನೂ ಅದರ ಮೇಲೇ ಕಲಿತೆ. ಆದರೆ ಪರೀಕ್ಷೆಯ ದಿನ ಗೆಳತಿಯ ಅಣ್ಣನ ಮಿರಿಮಿರಿ ಮಿಂಚುವ ಗಾಡಿ ತಂದೆ. ಇನ್‌ಸ್ಪೆಕ್ಟರ ಮಗಳು ಡಕೋಟಾ ಹತ್ತುವುದುಂಟೇ! ಎರಡು ಸಾಲಿದ್ದವು, ಇನ್ನೊಬ್ಬ ಇನ್‌ಸ್ಪೆಕ್ಟರ ಕಡೆಗೆ ಹೋಗು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ನೀನು ಕತ್ತು ನೆಟ್ಟಗೆ ಮಾಡಿಕೊಂಡು ನನ್ನ ಸಾಲಿನಲ್ಲೇ ನಿಂತೆ. ಎಂಟರ ಆಕಾರದ ತಿರುವನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಿದೆ. ನಿಲ್ಲುವ ಗೆರೆ ಬಂತು, ಬ್ರೇಕೆಂದು ಎಡಗಾಲು ಒತ್ತಿದೆ. ಅಲ್ಲಿದ್ದದ್ದು ಗೇರು. ಗಾಡಿ ಮುಗ್ಗರಿಸಿತು, ಗೆರೆ ದಾಟಿತು, ನಿನ್ನ ಕಾಲು ನೆಲಕ್ಕೆ ತಾಗಿತು. ಫೇಲು ಎಂದು ನಾನೇ ಬರೆದೆ. ಬರೆಯುವ ಮುಂಚೆ ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ ಎಂದು ಊರೆಲ್ಲ ಹೇಳಿದೆಯಂತೆ. ಪೆನ್ನಿನ ಮುಚ್ಚಳವನ್ನು ನಾನು ಮೂರು ಸಲ ತೆಗೆದು ಹಾಕಿದೆ ಕಣೇ. ನಿನ್ನ ಕಣ್ಣು ನೆಲದ ಮೇಲಿತ್ತು, ಕಾಣಲಿಲ್ಲ.

ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಿನ್ನ ಹಿಂದೆ ನಿಂತಿದ್ದ ಹುಡುಗಿಯ ಅಮ್ಮ ಅಲ್ಲಿ ಇನ್‌ಸ್ಪೆಕ್ಟರಾಗಿರಲಿಲ್ಲ. ಅವಳಿಗೊಂದು ನ್ಯಾಯ, ನಿನಗೊಂದು ನ್ಯಾಯ ನನ್ನಿಂದಾಗದು. ನೀನು ನೇರ ಅಂಗಡಿಗೆ ಹೋಗಿ, ಫೇಲಾಗಿದ್ದೇನೆ, ಕತ್ತರಿಸಿ ಅಂತ ಕುರ್ಚಿ ಹತ್ತಿದೆ. ಸೊಂಟದವರೆಗಿನ ಜಡೆ! ಬೇಡಮ್ಮಾ, ನಿಮ್ಮಮ್ಮ ನನ್ನ ಅಂಗಡಿ ಮುಚ್ಚಿಸ್ತಾಳೆ ಅಂತ ಮಾಮ ಅಂಗಲಾಚಿದರಂತೆ. ಜಡೆಯನ್ನು ತಂದು ಊಟದ ಮೇಜಿನ ಮೇಲಿಟ್ಟು ಮರುದಿನ ಬಸ್ಸು ಹತ್ತಿದೆ. ಅದು ನನ್ನ ಬೀರುವಿನಲ್ಲಿದೆ. ಗಿಡ್ಡ ಕೂದಲು ನಿನಗೆ ಒಪ್ಪುತ್ತದೆ, ಕಿವಿಯ ಹಿಂದಿನ ಮಚ್ಚೆ ಕಾಣುತ್ತದೆ. ಇದನ್ನು ಅವತ್ತೇ ಹೇಳಬೇಕಿತ್ತು.

ನೀನೀಗಿರುವ ಊರಿನಲ್ಲಿ ಮತ್ತೆ ಪರೀಕ್ಷೆಗೆ ನಿಂತಾಗಲೂ ನೀನು ಬರೆದದ್ದು ನನಗಲ್ಲ, ಮಾಮನಿಗೆ. ನಿಮ್ಮ ಗಾಡಿಯೇ ಬೇಕು, ಹೇಗಾದರೂ ಕಳಿಸಿ ಎಂದು. ನನಗೆ ಹೊಟ್ಟೆ ಉರಿಯಿತು. ಮಗಳಿಗೆ ಬುದ್ಧಿ ಬಂತೆಂದು ಹೊಟ್ಟೆ ತಣ್ಣಗೂ ಆಯಿತು. ಪರಿಚಯದ ಲಾರಿಯಲ್ಲಿ ಕಳಿಸಿದೆ ಎಂದು ಮಾಮ ನಿನಗೆ ತಿಳಿಸಿದ್ದಾರೆ. ಹೊಳೆಯುವ ಗಾಡಿಗಳ ನಡುವೆ ನೀನು ಅದನ್ನು ತಂದು ನಿಲ್ಲಿಸಿದೆ. ಕೆಂಪು ಜಾಕೀಟಿನ ಹುಡುಗನೊಬ್ಬ, ಗುಜರಿ ಅಂಗಡಿ ಆ ಕಡೆ ಅಂತ ನಕ್ಕ. ನೀನು ತಿರುಗಿಯೂ ನೋಡಲಿಲ್ಲ. ಈ ಸಲ ಕಣ್ಣು ನೆಲಕ್ಕೆ ಬೀಳಲಿಲ್ಲ, ಮುಂದಿನ ತಿರುವಿನ ಮೇಲಿತ್ತು. ಗೆರೆಗೆ ಅಂಟಿಸಿದ ಹಾಗೆ ಚಕ್ರ ನಿಲ್ಲಿಸಿದೆ. ಇಳಿದು ಟ್ಯಾಂಕನ್ನು ಮೆಲ್ಲಗೆ ತಟ್ಟಿದೆ. ಇದನ್ನೆಲ್ಲ ಮಾಮ ಹೇಳಿದರೆಂದು ಇಟ್ಟುಕೋ. ಪಾಸು ಎಂದಾಗ ಗೋಡೆಯಾಚೆ ಯಾವುದೋ ಹುಚ್ಚು ಹೆಂಗಸು ಒಬ್ಬಳೇ ಚಪ್ಪಾಳೆ ತಟ್ಟಿದಳೆಂದು ನೀನೇ ಅವರಿಗೆ ಬರೆದಿದ್ದೀಯಲ್ಲ.

ನಾನು ಪಾಸು ಮಾಡಿದವರಿಗೆ ಲೆಕ್ಕವಿಲ್ಲ. ಅವರಲ್ಲಿ ಯಾರ ಬಗ್ಗೆಯೂ ಇಲ್ಲದಷ್ಟು ಹೆಮ್ಮೆ ನಾನು ಫೇಲು ಮಾಡಿದ ನಿನ್ನ ಬಗ್ಗೆ ಇದೆ. ನನ್ನ ಮಗಳು ರಕ್ತದ ಪೆಟ್ಟಿಗೆ ಕಟ್ಟಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡುತ್ತಾಳೆ ಎಂದು ಹೆಡ್ ಕ್ಲಾರ್ಕಿಗೆ ಹೇಳಿದೆ, ಮೇಷ್ಟ್ರಿಗೆ ಹೇಳಿದೆ, ಆ ಅಜ್ಜಿಗೂ ಹೇಳಿದೆ. ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದೇನೆ.

ಶನಿವಾರ ಎದ್ದು ನಿಂತು ಹೇಳು. ವೇಗಕ್ಕೆ, ಸದ್ದಿಗೆ, ಅಂದಕ್ಕೆ ಶ್ರೇಷ್ಠವಾದವು ಬೇಕಾದಷ್ಟಿವೆ, ಅವು ಒಬ್ಬೊಬ್ಬ ಯಜಮಾನರ ಗಾಡಿಗಳು. ಇದು ಗಾಡಿಯೇ ಇಲ್ಲದವರ ಗಾಡಿ. ಸೋತರೆ ಚಹಾ ನನ್ನ ಲೆಕ್ಕ.

ಮತ್ತೆ, ಆ ಗಾಡಿ ಇನ್ನೂ ನಿನ್ನ ಹತ್ತಿರವೇ ಇದೆ. ಇಲ್ಲಿ ಗಾಡಿಯಿಲ್ಲದೆ ಬಂದವರು ಮಾಮನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ. ಲಾರಿಗೆ ಹಾಕಬೇಡ. ನೀನೇ ಓಡಿಸಿಕೊಂಡು ಮನೆಗೆ ಬಾ.

ತಪ್ಪಿದರೆ ಇನ್ನೊಮ್ಮೆಯೂ ಫೇಲು ಮಾಡುವ,
ನಿನ್ನ ಅಮ್ಮ

ಮರೆತಿದ್ದೆ: ಮಾಮನಿಗೆ ಲಾರಿಯವರು ಯಾರೂ ಪರಿಚಯವಿಲ್ಲ. ಬರುವಾಗ ದೊಡ್ಡ ಸೇತುವೆಯ ಹತ್ತಿರ ಜಲ್ಲಿ ಸುರಿದಿದ್ದಾರೆ, ನಿಧಾನ. ಇಷ್ಟು ವರ್ಷದ ಇನ್‌ಸ್ಪೆಕ್ಟರು ನಾನು, ಅಲ್ಲಿ ಬ್ರೇಕೆಂದು ಬಲಗಾಲು ಒತ್ತಿ ಗೇರು ಒದ್ದೆ. ಕಾಲೂ ನೆಲಕ್ಕೆ ತಾಗಿತು, ಮೊಣಕೈಯೂ ತಾಗಿತು. ನಿನ್ನ ಹಾಸ್ಟೆಲಿನ ಕಾವಲುಗಾರನಿಗೆ ಕೀಲಿ ಕೊಟ್ಟು, ಲಾರಿಯಲ್ಲಿ ಬಂತೆಂದು ಹೇಳಪ್ಪಾ ಅಂದವಳೂ ನಾನೇ. ಆ ಹುಚ್ಚು ಹೆಂಗಸಿನ ಮೊಣಕೈ ಈಗ ವಾಸಿಯಾಗಿದೆ.