ಕ್ಲೆಮ್ ಬಳಿದ ನೀಲಿ ಬಣ್ಣ

ಸ್ಟ್ರೀಕಿ ಬೇ
೧೪ ಆಗಸ್ಟ್ ೨೦೦೯, ಶುಕ್ರವಾರ

ಪ್ರೀತಿಯ ಕ್ಲೆಮ್,

ಹೇಗಿದ್ದೀಯ? ನಿನ್ನ ಬಲಗೈ ಬೆರಳುಗಳು ಸ್ವಲ್ಪ ಆಡುತ್ತಿವೆ, ನೀನು ಗೋಡೆ ಹಿಡಿದು ಬಾಗಿಲವರೆಗೆ ನಡೆದೆ ಎಂದು ನಮ್ಮ ಲಿನೆಟ್ ಫೋನಿನಲ್ಲಿ ಹೇಳಿದಳು. ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಾಡಿದೆ. ಮಾತು ಮಾತ್ರ ಇನ್ನೂ ಹೊರಡುತ್ತಿಲ್ಲವಂತೆ. ಅವಸರವಿಲ್ಲ ಬಿಡು, ನಲವತ್ತಾರು ವರ್ಷದಿಂದ ಈ ಮನೆಯಲ್ಲಿ ಮಾತೆಲ್ಲ ನನ್ನದೇ ತಾನೇ. ಆಸ್ಪತ್ರೆಯ ಊಟ ಸೇರುತ್ತಿದೆಯೇ? ಕುರಿಮಾಂಸದ ಜೊತೆ ಪುದೀನ ಸಾಸ್ ಇಲ್ಲವೆಂದು ಮುಖ ಗಂಟಿಕ್ಕಿಕೊಂಡು ಕೂರಬೇಡ. ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದಂತೆ ಕೇಳು. ಅವಳು ನಿನ್ನ ಹೆಂಡತಿಯಲ್ಲ, ನಿನ್ನ ಮೊಂಡಾಟ ಸಹಿಸಲು.

ನಿನಗೆ ಪಾರ್ಶ್ವವಾಯು ಬಡಿದು, ವಿಮಾನದಲ್ಲಿ ಅಡಿಲೇಡಿಗೆ ಕರೆದೊಯ್ದು ಇವತ್ತಿಗೆ ಏಳು ವಾರ. ಆ ವಿಮಾನದಲ್ಲಿ ನನಗೆ ಜಾಗವಿರಲಿಲ್ಲ. ನಾಳೆಯೇ ಕಾರಿನಲ್ಲಿ ಬರುತ್ತೇನೆ ಎಂದು ನಿನ್ನ ಕೈ ಹಿಡಿದು ಹೇಳಿದ್ದೆ. ಮಾತು ತಪ್ಪಲಿಲ್ಲ, ಮರುದಿನ ಹೊರಟೆ. ಪೂಚೆರಾ ಇನ್ನೂ ಹತ್ತು ಕಿಲೋಮೀಟರ್ ಇದೆ ಎನ್ನುವಾಗ ನಿನ್ನ ಈ ಇಪ್ಪತ್ತಮೂರು ವರ್ಷದ ಸ್ಟೇಷನ್ ವ್ಯಾಗನ್ ಗಪ್ಪನೆ ನಿಂತಿತು. ಹಿಂದೆ ಗೋಧಿ ಲಾರಿ. ಜೀವ ಬಾಯಿಗೆ ಬಂತು ಕ್ಲೆಮ್! ಅರ್ಧ ಗಂಟೆ ರಸ್ತೆಬದಿಯಲ್ಲಿ ಕೂತು ಬೈದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ತಾನಾಗಿ ಸ್ಟಾರ್ಟ್ ಆಯಿತು. ಇನ್ನೂ ಆರುನೂರು ಕಿಲೋಮೀಟರ್ ಇದನ್ನು ನಂಬಿ ಹೋಗುವ ಧೈರ್ಯವಾಗದೆ ವಾಪಸ್ ಬಂದೆ.

ಅಲ್ಲಿಂದ ಶುರುವಾಯಿತು ನೋಡು ಇದರ ಆಟ. ಬ್ರೇಕ್ ಒತ್ತಿದರೆ ವೈಪರ್ ಅಲ್ಲಾಡುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಇಂಜಿನ್ ಕಾದು ಕುದಿಯುತ್ತಿದೆ ಎಂದು ಮುಳ್ಳು ತೋರಿಸುತ್ತಿತ್ತು, ಆರಿಸಿದರೆ ತಣ್ಣಗೆ. ಒಂದು ದಿನ ಕೀ ತಿರುಗಿಸಿದರೆ ಟಿಕ್ ಎಂಬ ಸದ್ದು ಮಾತ್ರ, ಮರುದಿನ ಒಂದೇ ಏಟಿಗೆ ಸ್ಟಾರ್ಟು. ಗ್ಯಾರೇಜಿನವರ ಮುಂದೆ ನಿಲ್ಲಿಸಿದರೆ ಸಾಧು ಹಸು. ಬ್ಯಾಟರಿ ಬದಲಾಯಿಸಿದರು, ಆಲ್ಟರ್ನೇಟರ್ ಬದಲಾಯಿಸಿದರು, ಮನೆಗೆ ಬರುವ ದಾರಿಯಲ್ಲೇ ಮತ್ತೆ ಕೈಕೊಟ್ಟಿತು. ಆ ಕಡೆ ಲಿನೆಟ್‌ದು ದಿನಾ ಒಂದೇ ರಾಗ: “ಬಸ್ಸಿಗಾದ್ರೂ ಬಾ ಅಮ್ಮ, ಅಪ್ಪ ಬಾಗಿಲ ಕಡೇನೇ ನೋಡ್ತಾ ಕೂತಿರ್ತಾರೆ.” ನಾನು, “ಅಪ್ಪನ್ನ ಮನೆಗೆ ಕರ್ಕೊಂಡು ಬರೋಕೆ ಕಾರು ಬೇಕಲ್ವೇನೇ, ರಿಪೇರಿ ಆಗ್ಲಿ ತಡಿ” ಎನ್ನುತ್ತಿದ್ದೆ.

ಕೊನೆಗೆ ನಮ್ಮ ಎದುರುಮನೆ ಪನಾಯೋತ್ ಕರೆಂಟು ಅಳೆಯುವ ತನ್ನ ಮೀಟರ್ ಹಿಡಿದು ಬಂದ. ನಲವತ್ತು ವರ್ಷ ಮೀನುದೋಣಿಗಳ ವೈರಿಂಗ್ ಮಾಡಿದವನು, ಕಾರನ್ನು ಕಂಡರೆ ಅವನಿಗೆ ತಾತ್ಸಾರ. “ಏನ್ ತಾಯಿ, ನಿನ್ನ ಮುದಿ ಕುದುರೆ ಮತ್ತೆ ಮುನಿಸ್ಕೊಂಡಿದ್ಯಾ?” ಎಂದು ಬಾನೆಟ್ ಎತ್ತಿದ. ನನ್ನನ್ನು ಒಳಗೆ ಕೂರಿಸಿ ಲೈಟು, ಫ್ಯಾನು, ವೈಪರ್ ಎಲ್ಲ ಹಾಕಿಸಿದ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾರಿನ ಮೈಗೆ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಂತೆ, ಎರಡೂವರೆ ವೋಲ್ಟ್ ತೋರಿಸಿತು. “ನೋಡು, ಬಲ್ಬಿಗೆ ಕರೆಂಟು ಹೋಗ್ತಿದೆ, ವಾಪಸ್ ಬರೋಕೆ ದಾರಿ ಇಲ್ಲ. ಕಂಡಕಂಡ ತಂತೀಲಿ ನುಗ್ತಿದೆ. ಬ್ರೇಕ್ ಒತ್ತಿದ್ರೆ ವೈಪರ್ ಕುಣಿಯೋದು ಇನ್ಯಾಕೆ ಅನ್ಕೊಂಡೆ? ಅರ್ಥಿಂಗ್ ಹೋಗಿದೆ ತಾಯಿ, ಬ್ಯಾಟರಿ ಏನ್ ಮಾಡೀತು ಪಾಪ!” ಬ್ಯಾಟರಿ ಮೈನಸ್ಸಿನಿಂದ ಕಾರಿನ ಮೈಗೆ ಒಂದು ಜಂಪರ್ ಕೇಬಲ್ ಕಚ್ಚಿಸಿದ ಕೂಡಲೇ ಲೈಟು ಝಗ್ಗೆಂದಿತು, ಮುಳ್ಳು ತೆಪ್ಪಗೆ ಕೆಳಗಿಳಿಯಿತು.

ಆಮೇಲೆ ಅರ್ಥಿಂಗ್ ತಂತಿಯ ಬೋಲ್ಟ್ ಬಿಚ್ಚಿದ. ಬಿಚ್ಚಿ, ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ತಂತಿಯ ಅಡಿಯಲ್ಲಿ ನಮ್ಮ ದೋಣಿಯ ನೀಲಿ ಬಣ್ಣ! ನೆನಪಿದೆಯಾ, ಜೂನ್ ಮೊದಲ ವಾರ ದೋಣಿಗೆ ಬಳಿದು ಉಳಿದ ಡಬ್ಬ ಹಿಡಿದುಕೊಂಡು, ಕಾರಿಗೆ ತುಕ್ಕು ಹಿಡಿಯಬಾರದೆಂದು ನೀನು ಬಾನೆಟ್ಟಿನೊಳಗೆ ತಲೆ ತೂರಿಸಿದ್ದೆ. ಎಲ್ಲರೂ ಬೋಲ್ಟಿನ ಸುತ್ತ ಬಳಿದರೆ ನೀನು ಅದನ್ನು ಬಿಚ್ಚಿ, ಅಡಿಗೆ ಎರಡು ಕೋಟ್ ಹೊಡೆದು, ಒಣಗಿಸಿ, ಮತ್ತೆ ಬಿಗಿದಿದ್ದೀಯ. ಅಲ್ಲ ಮಾರಾಯ, ಅಷ್ಟು ಅಚ್ಚುಕಟ್ಟು ಯಾರು ಕೇಳಿದ್ದರು? ಕರೆಂಟಿಗೆ ನಿನ್ನ ಬಣ್ಣವೇ ಅಡ್ಡ. ಬೋಲ್ಟಿನ ಥ್ರೆಡ್ ಕಬ್ಬಿಣಕ್ಕೆ ತಾಗಿದಾಗ ಕಾರು ಓಡುತ್ತಿತ್ತು, ರಸ್ತೆಯಲ್ಲಿ ಕುಲುಕಿದಾಗ ಬಿಡುತ್ತಿತ್ತು, ಅಷ್ಟೇ. “ದೋಣಿ ಇಳಿಸೋಕೆ ಕಾರನ್ನ ಸಮುದ್ರಕ್ಕೇ ಇಳಿಸ್ತೀರಿ, ಆಮೇಲೆ ಬರಿ ಕಬ್ಬಿಣ ಕಂಡ್ರೆ ಅಂಗಿಯಿಲ್ಲದ ಮಗೂನ ಕಂಡ ಹಾಗೆ ಮುಚ್ಚೋಕೆ ಓಡ್ತೀರಿ” ಎಂದು ಊರಿಗೇ ಬೈದ ಪನಾಯೋತ್. “ಈ ಒಂದು ಜಾಗ ಬರಿಮೈಲೇ ಕಚ್ಕೊಂಡಿರ್ಬೇಕು ತಾಯಿ. ಬಣ್ಣ, ಗ್ರೀಸು ಏನಿದ್ರೂ ಬಿಗಿದ ಮೇಲೆ.”

ಎಮರಿ ಪೇಪರ್ ನನ್ನ ಕೈಗೇ ಕೊಟ್ಟ. ಬಣ್ಣದಲ್ಲಿ ನಿನ್ನ ಬ್ರಷ್ಷಿನ ಒಂದು ಕೂದಲು ಅಂಟಿತ್ತು. ನೀನು ನಾಲಿಗೆ ಕಚ್ಚಿಕೊಂಡು ಬಗ್ಗಿ ಬಳಿಯುತ್ತಿದ್ದುದು ಕಣ್ಣಿಗೆ ಕಟ್ಟಿತು, ನನಗೆ ಅಲ್ಲೇ ಅಳು ಬಂತು. ಉಜ್ಜಲು ಮನಸ್ಸಿಲ್ಲ, ಉಜ್ಜದೆ ವಿಧಿಯಿಲ್ಲ. ಪನಾಯೋತ್ ಕಂಡೂ ಕಾಣದವನಂತೆ ಸ್ಪ್ಯಾನರ್ ಹುಡುಕುವ ನಾಟಕ ಮಾಡಿದ. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ, ಬಿಗಿದೆವು, ಮೇಲೆ ಗ್ರೀಸ್ ಸವರಿದೆವು. ಮೀಟರ್ ಸೊನ್ನೆಗೆ ಬಂತು.

ನೀನಿಲ್ಲದ ಮನೆ ಒಂದು ಮನೆಯೇ ಅಲ್ಲ. ಈಗಲೂ ಇಬ್ಬರಿಗಾಗುವಷ್ಟು ಆಲೂಗಡ್ಡೆ ಸುಲಿಯುತ್ತೇನೆ, ಸುಲಿದ ಮೇಲೆ ನೆನಪಾಗುತ್ತದೆ. ದಕ್ಕೆಯಲ್ಲಿ ವೈಟಿಂಗ್ ಮೀನು ಚೆನ್ನಾಗಿ ಬೀಳುತ್ತಿದೆಯಂತೆ, ಯಾರಾದರೂ ಎರಡು ತಂದುಕೊಡುತ್ತಾರೆ, ಗಂಟಲಲ್ಲಿ ಇಳಿಯುವುದಿಲ್ಲ. ರೇಡಿಯೋದಲ್ಲಿ ಹವಾಮಾನ ಹೇಳುವಾಗ ನಿನಗೆ ಕೇಳಲಿ ಎಂದು ಸದ್ದು ಜೋರು ಮಾಡುತ್ತೇನೆ. ನಿನ್ನನ್ನು ನೋಡಬೇಕು ಕ್ಲೆಮ್. ಬೇರೇನೂ ಬೇಡ ನನಗೆ.

ಕಾರನ್ನು ಇನ್ನೊಂದೆರಡು ದಿನ ಓಡಿಸಿ ನೋಡಿ, ನಂಬಿಕೆ ಬಂದಮೇಲೆ ಹೊರಡುತ್ತೇನೆ. ಪನಾಯೋತ್ ನಿನ್ನನ್ನು ಕೇಳಿದನೆಂದು ಹೇಳಲು ಹೇಳಿದ್ದಾನೆ, ಜೊತೆಗೆ ಬಣ್ಣದ ಡಬ್ಬ ಬಚ್ಚಿಡಲೂ ಹೇಳಿದ್ದಾನೆ. ಲಿನೆಟ್‌ಗೆ ಮುತ್ತು. ದೇವರು ನಿನ್ನ ಕೈಕಾಲಿಗೆ ಬಲ ಕೊಡಲಿ.

ಎಂದೆಂದೂ ನಿನ್ನವಳೇ ಆದ,
ಮೇವಿಸ್

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾರು ಸರಿಯಾದದ್ದು ಈ ತಿಂಗಳ ಎರಡನೇ ತಾರೀಕು. ಪೂಚೆರಾ ದಾಟಿ ವುಡಿನ್ನಾವರೆಗೆ ಹೋಗಿ ಬಂದೆ, ಒಂದು ಸಲವೂ ಕೆಮ್ಮಲಿಲ್ಲ. ಇವತ್ತು ಬೆಳಿಗ್ಗೆ ಪನಾಯೋತ್ ಬೇಲಿಯಾಚೆಯಿಂದ ಕೇಳಿಯೇಬಿಟ್ಟ, “ಕಾರು ಸರಿಯಾಗಿ ಹನ್ನೆರಡು ದಿನ ಆಯ್ತಲ್ಲ ತಾಯಿ, ಇನ್ನೂ ಯಾಕೆ ಇಲ್ಲಿದ್ದೀಯ?” ಬಾಗಿಲು ರಪ್ಪನೆ ಹಾಕಿಕೊಂಡು ಒಳಗೆ ಬಂದು ಅತ್ತೆ. ನಾನು ಹೆದರಿದ್ದೆ ಕ್ಲೆಮ್. ನೀನು ನನ್ನ ಮುಖ ನೋಡಿ ನನ್ನ ಹೆಸರು ಸಿಗದೆ ಒದ್ದಾಡುವುದನ್ನು ನೋಡಲಾರೆ ಎಂದು ಹೆದರಿದ್ದೆ. ನೀನು ಬಾಗಿಲು ನೋಡುತ್ತಾ ಕೂತಿದ್ದೆ, ನಾನು ಕಾರಿನ ನೆಪ ಹೇಳುತ್ತಾ ಕೂತಿದ್ದೆ. ನನ್ನನ್ನು ಕ್ಷಮಿಸು. ಈ ಪತ್ರ ಅಂಚೆಗೆ ಹಾಕುವುದಿಲ್ಲ. ಪೆಟ್ಟಿಗೆ ಆಗಲೇ ಕಾರಿನಲ್ಲಿದೆ. ನಾಳೆ ಸಂಜೆಯೊಳಗೆ ನಿನ್ನ ಪಕ್ಕ ಕೂತು ನಾನೇ ಓದುತ್ತೇನೆ. ನನ್ನ ಸಹಿ ಬರುವಲ್ಲಿ ನಿಲ್ಲಿಸುತ್ತೇನೆ. ಹೆಸರು ಬಂದರೆ ನೀನು ಹೇಳು. ಬರದಿದ್ದರೆ ನಾನೇ ಹೇಳಿಕೊಡುತ್ತೇನೆ, ದಿನಾ.