ಡೇರೆಯ ಕುಳಿಗಳು

ಹಾಸ್ಟೆಲ್, ಮೆಹದಿಪಟ್ಟಣಂ
ಬುಧವಾರ, 22 ಜನವರಿ 2025

ಅವ್ವಾ,

ಪತ್ರ ನೋಡಿ ಗಾಬರಿಯಾಗಬೇಡ. ಜ್ವರ ಗಿರ ಏನೂ ಇಲ್ಲ. ‘ನಾನು ಕ್ಷೇಮ’ ಎಂದು ಶುರು ಮಾಡಬೇಕು ಅಂತ ವಸತಿ ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಹೊಡೆದು ಹಾಕಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಬಂದ ಕೂಡಲೇ ನೀನು ಸ್ಪೀಕರ್ ಹಾಕುತ್ತೀ. ಸಾಲಿನ ಹನ್ನೊಂದು ಶೆಡ್ಡಿನವರೂ ‘ಊಟಾತೇನವಾ?’ ಅಂತ ಕೂಗುತ್ತಾರೆ, ನಾನು ‘ಹೂಂ, ಆತು’ ಅಂತೀನಿ, ಮಾತು ಮುಗಿಯುತ್ತದೆ. ನಾಡಿದ್ದು ಬೆಳಿಗ್ಗೆ ಲಿಂಗಣ್ಣ ಮಾವ ಸಿಮೆಂಟ್ ಅಂಗಡಿಗೆ ಈ ಕಡೆ ಬರುತ್ತಾನಂತೆ. ಅವನ ಕೈಯಲ್ಲಿ ಕೊಡುತ್ತೇನೆ. ಅವನ ಹತ್ತಿರ ಓದಿಸಬೇಡ. ನಿಧಾನವಾದರೂ ನೀನೇ ಓದು, ನಿನಗಾಗಿ ಒತ್ತಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಡುನಡುವೆ ಇಂಗ್ಲಿಷ್ ನುಗ್ಗಿದರೆ ಬೈಯಬೇಡ. ಆರನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದವಳು ನೀನೇ.

ಆ ಭಾನುವಾರದ ಮಾತು. ಸಂಕ್ರಾಂತಿಗೆ ಎರಡು ದಿನ ಮುಂಚೆ ಕ್ಯಾಮರಾ ಹಿಡಿದು ನಮ್ಮ ದಂಡಿನ ಬಯಲಿಗೆ ಬಂದಿದ್ದೆನಲ್ಲ, ಅದು. ಆಮೇಲೆ ಹಬ್ಬಕ್ಕೂ ಬರಲಿಲ್ಲ, ಎಕ್ಸಾಂ ಅಂದೆ. ಎಕ್ಸಾಂ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಗೋಜಲಾಗುತ್ತದೆ. ನಮಗೆ ಫೋಟೊಗ್ರಫಿ ಕಲಿಸುವವರು ಪ್ರಾಣೇಶ ಸರ್. ಧಾರವಾಡ ಕಡೆಯ ಮನೆತನ, ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ನಾನು ಕನ್ನಡದವಳು ಅಂತ ಗೊತ್ತಾದ ದಿನ ಖುಷಿಯಿಂದ ‘ನಿಮ್ಮ ತಂದಿ ಏನ್ ಮಾಡ್ತಾರವಾ?’ ಅಂತ ಕೇಳಿದರು. ‘ಕನ್‌ಸ್ಟ್ರಕ್ಷನ್ ಸರ್, ಮಣಿಕೊಂಡದಾಗ’ ಅಂದೆ. ‘ಓಹೋ, ಬಿಲ್ಡರ್ ಅದಾರೇನು!’ ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಇದರಲ್ಲಿ ಸುಳ್ಳು ಎಲ್ಲಿಂದ ಶುರುವಾಯಿತು ಅನ್ನುವುದು ನನಗೆ ಇನ್ನೂ ತಿಳಿದಿಲ್ಲ.

ಡಿಸೆಂಬರಿನಲ್ಲಿ ಸರ್ ಒಂದು ಕೆಲಸ ಕೊಟ್ಟರು. ಚರಿತ್ರೆ ಇರುವ ಒಂದು ಜಾಗದ ಫೋಟೊ ತೆಗೆಯಬೇಕು, ಎಡಿಟ್ ಮಾಡಿ ಅದಕ್ಕೊಂದು ಮೂಡ್ ತರಬೇಕು. ಎಲ್ಲರೂ ಕೋಟೆ, ಗುಮ್ಮಟ ಅಂತ ಹೆಸರು ಹೇಳಿ ಮುಗಿಸಿದ್ದರು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ: ಮಣಿಕೊಂಡದ ಆಚೆ ಒಂದು ಬಯಲಿದೆ, ಗೋಲ್ಕೊಂಡಕ್ಕೆ ಮುತ್ತಿಗೆ ಹಾಕಲು ಬಂದ ದಂಡು ಅಲ್ಲಿ ಇಳಿದಿತ್ತು ಅಂತ ಜನ ಹೇಳುತ್ತಾರೆ, ಡೇರೆ ಹೊಡೆದ ಕುಳಿಗಳು ಬಂಡೆಯಲ್ಲಿ ಈಗಲೂ ಇವೆ. ಸರ್ ಎದ್ದು ನಿಂತರು. ‘ನಿಂಗ ಹ್ಯಾಂಗ ಗೊತ್ತು?’ ರಜೆಯಲ್ಲಿ ನೋಡಿದ್ದೆ ಅಂದೆ. ಅದೂ ನಿಜವೇ.

ಹಾಗೆ ಹೇಳುವಾಗ ನಮ್ಮ ಶೆಡ್ಡು ಆ ಕುಳಿಗಳ ಮೇಲೇ ನಿಂತಿದೆ ಅನ್ನುವುದು ನೆನಪಿಗೆ ಬರಲಿಲ್ಲ ಅಂದರೆ ನಂಬುತ್ತೀಯಾ? ಕುಳಿ ಅಂದರೆ ಚರಿತ್ರೆ, ಶೆಡ್ಡು ಅಂದರೆ ಮನೆ. ಎರಡೂ ಒಂದೇ ಜಾಗದಲ್ಲಿವೆ ಅಂತ ಹೊಳೆದದ್ದು ನಮ್ಮ ಕ್ಲಾಸಿನ ಶರ್ವರಿ ಮತ್ತು ಆಶಿಷ್ ನನ್ನ ಗುಂಪಿಗೆ ಸೇರಿ, ಭಾನುವಾರ ಹೋಗೋಣ ಅಂತ ಗೊತ್ತು ಮಾಡಿದ ಮೇಲೆ. ಆಗ ಬೇಡ ಅನ್ನಲು ಕಾರಣ ಸಿಗಲಿಲ್ಲ. ನೀನು ಕೆಲಸಕ್ಕೆ ಹೋಗಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ನೀನು ಬಾಗಿಲಲ್ಲೇ ಇದ್ದೆ, ಶೆಡ್ಡಿಗೆ ಹೊದಿಸಿದ ನೀಲಿ ತಾಡಪತ್ರಿಯ ಹಗ್ಗ ಬಿಗಿಯುತ್ತ. ನನ್ನನ್ನು ಕಂಡು ನಿನ್ನ ಮುಖ ಅರಳಿತು, ನೀನು ಕೂಗಲು ಬಾಯಿ ತೆರೆದೆ. ನಾನು ಕ್ಯಾಮರಾ ಕಣ್ಣಿಗೆ ಹಿಡಿದು ‘ಆಂಟಿ, ಥೋಡಾ ಸೈಡ್’ ಅಂದೆ. ನಿನ್ನ ಬಾಯಿ ಹಾಗೇ ಮುಚ್ಚಿತು. ನೀನು ಸೆರಗು ತಲೆಗೆಳೆದುಕೊಂಡು ‘ತಗೋರಿ ಮೇಡಂ’ ಅಂದೆ.

ಉಳಿದ ಶೆಡ್ಡಿನವರೆಲ್ಲ ಸಂತೆಗೆ ಹೋಗಿದ್ದರು. ದಸರೆಯ ಮೇಲೆ ಬಂದ, ನನ್ನನ್ನು ಕಂಡೇ ಇರದ ಆ ಪಕ್ಕದ ಶೆಡ್ಡಿನ ಅತ್ತೆ ಮಾತ್ರ ಇದ್ದಳು. ‘ಏ, ಈಕಿ ನಿನ್ನ ಮಗಳ ಫೋಟೊದಂಗ ಅದಾಳಲ್ಲ! ಕ್ಯಾಮರಾ ಹೊರಾಕ ತ್ರಾಣಿಲ್ಲ ನೋಡು, ಈಕಿನೂ ಹಾಸ್ಟೆಲ್ ಅನ್ನಾನೇ ತಿಂತಾಳೇನ’ ಅಂತ ನಕ್ಕಳು. ನೀನು ಹಗ್ಗದಿಂದ ಕಣ್ಣೆತ್ತದೆ ಹೇಳಿದೆ: ‘ನಮ್ಮಾಕಿ ಇಂಥಾ ದೊಡ್ಡ ಮಂದಿ ಕೂಡ ಎಲ್ಲಿ ತಿರುಗ್ತಾಳ, ಬಿಡಬೇ.’ ಏನಂತಿದ್ದಾರೆ ಅಂತ ಕನ್ನಡ ಬಾರದ ಶರ್ವರಿ ಕೇಳಿದಳು. ‘ಪತಾ ನಹೀ’, ಗೊತ್ತಿಲ್ಲ ಅಂದೆ. ಹೊರಡುವಾಗ ನೀನು ಮೂವರಿಗೂ ತಂಬಿಗೆಯಲ್ಲಿ ನೀರು ಕೊಟ್ಟೆ. ನಾನೂ ಕುಡಿದು ಥ್ಯಾಂಕ್ಯೂ ಅಂದೆ.

ಹಬ್ಬದ ಮೂರು ದಿನ ಹಾಸ್ಟೆಲ್ ಖಾಲಿ. ನೀನು ಕಳಿಸಿದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕಂಪ್ಯೂಟರ್ ಪಕ್ಕ ಇಟ್ಟುಕೊಂಡು ಎಡಿಟ್ ಮಾಡಿದೆ. ಎಡಿಟ್ ಅಂದರೆ, ಅವ್ವಾ, ಬೇಡವಾದದ್ದರ ಮೇಲೆ ಬೇಕಾದದ್ದನ್ನು ಮೆತ್ತುವುದು. ಅಪ್ಪ ಗೋಡೆಯ ಬಿರುಕು ಮುಚ್ಚುತ್ತಾನಲ್ಲ, ಹಾಗೆ. ಪಕ್ಕದ ಬಂಡೆಯಿಂದ ಒಂದೊಂದು ತುಂಡು ನಕಲು ಮಾಡಿ ಮೊದಲು ತಾಡಪತ್ರಿ ಮುಚ್ಚಿದೆ. ಆಮೇಲೆ ಬಿದಿರು, ಗೂಟ, ಹಗ್ಗ, ಪ್ಲಾಸ್ಟಿಕ್ ಕೊಡ. ಆಮೇಲೆ ನಿನ್ನನ್ನು. ನಿನ್ನ ಕೈ ಭಾಳ ಹೊತ್ತು ಹಿಡಿಯಿತು. ಬೆರಳ ಸಂದಿಯಲ್ಲಿ ಬಂಡೆ ಇಣುಕುತ್ತಿತ್ತು, ಅಂಚು ಕೂಡುತ್ತಲೇ ಇರಲಿಲ್ಲ. ಕೊನೆಗೆ ಬಿಸಿಲಿನ ಬಣ್ಣ ಇಳಿಸಿದೆ, ಇಲ್ಲದ ಮಂಜು ಹಾಕಿದೆ. ದಂಡು ಈಗಷ್ಟೇ ಎದ್ದು ಹೋಗಿದೆ, ಕುಳಿಗಳಷ್ಟೇ ಉಳಿದಿವೆ ಅನ್ನುವಂತಾಯಿತು. ಫೋಟೊ ಚೆನ್ನಾಗಿತ್ತು ಅವ್ವಾ. ನನಗೆ ಅಳುವೂ ಬಂತು, ಚೆನ್ನಾಗಿದೆ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಹೇಗೆ ಬರುತ್ತವೆ ನನಗೆ ಗೊತ್ತಿಲ್ಲ.

ಕಾಲೇಜಿನ ಪ್ರದರ್ಶನಕ್ಕೆ ಇಡೀ ಕ್ಲಾಸಿನಿಂದ ಆರು ಫೋಟೊ ಆರಿಸಿದರು. ಒಂದು ನನ್ನದು. ಮೊನ್ನೆ ಸೋಮವಾರ ಚರಿತ್ರೆಯ ಮೇಡಂ ಒಬ್ಬರು ನೋಡಲು ಬಂದರು, ನಿವೃತ್ತರು, ಭಾರಿ ಖಡಕ್. ನನ್ನ ಫೋಟೊ ಮುಂದೆ ನಿಂತು, ಇವು ಕಲ್ಲು ಒಡೆಯುವವರ ಕುಳಿಗಳೂ ಆಗಿರಬಹುದು, ಡೇರೆಯದ್ದೇ ಅನ್ನಲು ಏನು ಆಧಾರ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಆಧಾರ ನನಗೆ ಗೊತ್ತಿತ್ತು. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅಪ್ಪ ಶೆಡ್ಡು ಎಬ್ಬಿಸುವಾಗ ನನ್ನ ಬೆರಳು ಕುಳಿಯೊಳಗೆ ಹಾಕಿಸಿ ತೋರಿಸಿದ್ದ. ಕಲ್ಲು ಒಡೆಯುವ ಕುಳಿಗಳು ಒಂದೇ ಗೆರೆಯಲ್ಲಿ ನೆಟ್ಟಗೆ ಇರುತ್ತವೆ. ಇವು ಹಾಗಲ್ಲ. ನಡುವೆ ಆಳದ್ದೊಂದು, ಸುತ್ತ ನಾಲ್ಕು, ನಾಲ್ಕೂ ಹೊರಗಡೆ ವಾಲಿವೆ. ‘ಹಗ್ಗ ಒಳಗ ಜಗ್ಗತೈತಿ. ಗೂಟ ಹೊರಗ ವಾಲಿದ್ರ ಕಿತ್ತು ಬರಂಗಿಲ್ಲ. ಇದನ್ನ ಹೊಡದಾವನೂ ನಮ್ಮಂಗ ಗಾಳಿಗೆ ಹೆದರಿದಾವನೇ’ ಅಂದಿದ್ದ. ನಾನು ತೆಗೆದ, ಎಡಿಟ್ ಮಾಡದ ಮೊದಲ ಫೋಟೊದಲ್ಲಿ ಅದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಡುಗುಳಿಯಲ್ಲಿ ನಮ್ಮ ಬಿದಿರು, ವಾಲಿದ ಕುಳಿಗಳಲ್ಲಿ ನಮ್ಮ ಗೂಟ, ನಿನ್ನ ಕೈಯಲ್ಲಿ ಹಗ್ಗ. ನಾನು ಮೆತ್ತಿ ಮುಚ್ಚಿದ್ದೇ ಆಧಾರ. ಶನಿವಾರದೊಳಗೆ ಆಧಾರ ತೋರಿಸದಿದ್ದರೆ ಫೋಟೊ ಇಳಿಸುತ್ತಾರೆ. ನನ್ನ ಮೇಲೆ ಭರವಸೆ ಇಟ್ಟ ಪ್ರಾಣೇಶ ಸರ್ ಮುಖ ಸಣ್ಣದಾಗಿದೆ.

ಮೊದಲ ಫೋಟೊ ತೋರಿಸಬೇಕು ಅನ್ನಿಸುತ್ತದೆ. ತೋರಿಸಿದರೆ ಈಕೆ ಯಾರು ಅಂತ ಕೇಳುತ್ತಾರೆ. ನಕ್ಕರೆ ತಡೆದುಕೊಂಡೇನು, ಆದರೆ ‘ಪಾಪ’ ಅಂದರೆ ಏನು ಮಾಡಲಿ? ಇನ್ನೊಂದು ಸಲ ಯಾರೋ ಆಂಟಿ ಅಂತ ಹೇಳಿ ಮುಗಿಸಿಬಿಡಬಹುದು. ಆ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಅದೂ ಅಲ್ಲದೆ, ಅಳಿಸುವಾಗ ನಿನ್ನನ್ನು ಕೇಳಲಿಲ್ಲ, ಈಗ ಆಧಾರ ಬೇಕಾಯಿತು ಅಂತ ಗೂಟದ ಜೊತೆ ನಿನ್ನನ್ನೂ ಎತ್ತಿ ತೋರಿಸುವುದು ಸರಿಯಾ? ತಲೆ ಕೆಟ್ಟುಹೋಗಿದೆ.

ಅದಕ್ಕೇ ಕೇಳುತ್ತಿದ್ದೇನೆ. ಶುಕ್ರವಾರ ಸಂಜೆ ಫೋನ್ ಮಾಡುತ್ತೇನೆ. ‘ತೋರ್ಸು’ ಅನ್ನು, ಇಲ್ಲ ‘ಬ್ಯಾಡ’ ಅನ್ನು. ಸ್ಪೀಕರ್ ಹಾಕಿದ್ದರೂ ಯಾರಿಗೂ ತಿಳಿಯುವುದಿಲ್ಲ. ಬ್ಯಾಡ ಅಂದರೆ ನನಗೆ ಸಮಾಧಾನವಾಗುತ್ತದೆ. ಹೀಗೆ ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.

ಅಪ್ಪನಿಗೆ ಏನು ಹೇಳಬೇಕೋ ನೀನೇ ನೋಡು.

ನಿನ್ನ
ಅಹಲ್ಯಾ

ಗುರುವಾರ ಸಂಜೆ, ಮತ್ತೆ: ಶನಿವಾರ ಬೇರೆ ಕೆಲಸವಿದೆ ಅಂತ ಆ ಮೇಡಂ ಇವತ್ತೇ ಬಂದುಬಿಟ್ಟರು. ನಿನ್ನ ಮಾತಿಗೆ ಕಾಯಲು ಆಗಲಿಲ್ಲ, ಕೇಳದೆಯೇ ತೋರಿಸಿದೆ. ಇಂಗ್ಲಿಷ್ ಒಂದು ಅಕ್ಷರ ಹೊರಡಲಿಲ್ಲ. ಪ್ರಾಣೇಶ ಸರ್ ಕಡೆ ತಿರುಗಿ, ‘ಸರ್, ಆ ಕುಳಿಯಾಗ ಇರೂದು ನಮ್ಮ ಮನಿ ಗೂಟ. ಈಕಿ ನಮ್ಮವ್ವ’ ಅಂದೆ. ಸರ್ ಅದನ್ನು ಮೇಡಂಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ಯಾರೂ ಪಾಪ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಸರ್, ಮೇಡಂ ಇಬ್ಬರೂ ಟೇಪು ಹಿಡಿದು ಅಳೆಯಲು ಬರುತ್ತಾರೆ, ಅಪ್ಪನೇ ತೋರಿಸಬೇಕಂತೆ. ಶರ್ವರಿ ಮಾತ್ರ ‘ಆ ಆಂಟಿ ನಿನ್ನ ಮಮ್ಮಿನಾ?’ ಅಂತ ಹಿಂದಿಯಲ್ಲಿ ಕೇಳಿದವಳು ಆಮೇಲೆ ನನ್ನ ಜೊತೆ ಮಾತೇ ಆಡಿಲ್ಲ. ಭಾನುವಾರ ಅವಳೂ ಬರುತ್ತಾಳಂತೆ, ನಿನ್ನನ್ನು ನೋಡಲು, ನನ್ನ ಜೊತೆಗಲ್ಲ, ಬೇರೆ ಬಸ್ಸಿನಲ್ಲಿ. ಬಂದರೆ ಅವಳನ್ನು ಒಳಗೆ ಕರೆದು ಕೂಡಿಸು. ನಾನು ಹೊರಗೆ ಬಂಡೆಯ ಮೇಲಿರುತ್ತೇನೆ, ನೀನು ಕರೆಯುವ ತನಕ.